ಅಶ್ವಥ್ ಹಾಡಿದ ಶರೀಫ, ಹಾಡದೆ ಉಳಿದ ಶರೀಫ

ಕೋಡಗವನ್ನು ಕೋಳಿ ನುಂಗಿದ ಪದವನ್ನು ಹಾಡು ಎಂದು ಬೀದರಿನ ಶಾಲಾ ಹುಡುಗನಿಗೆ ಹೇಳಿ, ಚಾಮರಾಜನಗರದ ಕಾಲೇಜು ಹುಡುಗಿಗೆ ಹೇಳಿ, ಕಾಸರಗೋಡಿನ ಮೇಷ್ಟರಿಗೆ ಹೇಳಿ. ಮೂವರೂ ಒಂದೇ ಧಾಟಿಯಲ್ಲಿ ಹಾಡುತ್ತಾರೆ. ಎಲ್ಲಿ ಏರಬೇಕು, ಎಲ್ಲಿ ನಿಲ್ಲಬೇಕು, ಯಾವ ಮಾತನ್ನು ಮತ್ತೆ ಎತ್ತಿಕೊಳ್ಳಬೇಕು ಎಂಬುದರಲ್ಲೂ ಹೆಚ್ಚಿನ ವ್ಯತ್ಯಾಸ ಇರುವುದಿಲ್ಲ. ಆ ಪದ ಕಟ್ಟಿದ ಶಿಶುನಾಳ ಶರೀಫ ಸಾಹೇಬರು ತೀರಿಕೊಂಡದ್ದು 1889ರಲ್ಲಿ. ಈ ಧಾಟಿಗಾದರೋ ಇನ್ನೂ ಐವತ್ತು ವರ್ಷ ತುಂಬಿಲ್ಲ. ಅದನ್ನು ಕಟ್ಟಿದವರು ಸಿ. ಅಶ್ವಥ್, ಬೆಂಗಳೂರಿನ ಟೆಲಿಫೋನ್ ಕಾರ್ಖಾನೆಯ ಒಬ್ಬ ನೌಕರ.

ನೂರು ವರ್ಷ ಊರಿಗೊಂದು ಧಾಟಿಯಲ್ಲಿ ತಿರುಗಾಡಿದ ಪದಗಳು ಒಬ್ಬ ಸಂಗೀತ ಸಂಯೋಜಕನ ಕೈಗೆ ಸಿಕ್ಕಿ ಒಂದೇ ಧಾಟಿಯಲ್ಲಿ ನೆಲೆನಿಂತವು. ಇದು ಸಣ್ಣ ಸಾಧನೆಯಲ್ಲ, ಸಣ್ಣ ನಷ್ಟವೂ ಅಲ್ಲ. ಅಶ್ವಥ್ ಅವರ ಬಗ್ಗೆ ಬಂದ ಬರಹಗಳಲ್ಲಿ ಸಾಧನೆಯ ಮಾತು ಧಾರಾಳವಾಗಿದೆ. ನಷ್ಟದ ಮಾತು ಅಪರೂಪ. ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಇದ್ದರೆ ಅವರ ಕೆಲಸದ ನಿಜವಾದ ತೂಕ ತಿಳಿಯುವುದಿಲ್ಲ ಎಂದು ನನಗೆ ಅನ್ನಿಸಿದೆ.

ಶಿಶುನಾಳ ನಮ್ಮ ಹೊಂಬಳಕ್ಕೆ ಪರದೇಶವಲ್ಲ. ಗದಗದಿಂದ ಲಕ್ಷ್ಮೇಶ್ವರ ದಾಟಿದರೆ ಶರೀಫರ ಸೀಮೆ ಶುರುವಾಗುತ್ತದೆ. ಅವರ ತಂದೆತಾಯಿ ಮಗುವಿಗಾಗಿ ಹರಕೆ ಹೊತ್ತರೆಂದು ಹೇಳುವ ಖಾದರ್ ಶಾವಲಿಯವರ ಹುಲಗೂರು, ಗುರು ಗೋವಿಂದ ಭಟ್ಟರ ಕಳಸ, ಎಲ್ಲ ಒಂದಕ್ಕೊಂದು ಹತ್ತಿರದ ಊರುಗಳು. ಕಳಸ ಇರುವುದು ಕುಂದಗೋಳ ತಾಲ್ಲೂಕಿನಲ್ಲಿ. ಅದೇ ಕುಂದಗೋಳದ ಸವಾಯಿ ಗಂಧರ್ವರಿಗೆ ಗಾಯನ ಕಲಿಸಿದವರು ಅಬ್ದುಲ್ ಕರೀಂ ಖಾನರು. ಭಟ್ಟರ ಹತ್ತಿರ ಕಲಿತ ಸಾಬರ ಹುಡುಗ, ಖಾನ್ ಸಾಹೇಬರ ಹತ್ತಿರ ಕಲಿತ ಬ್ರಾಹ್ಮಣರ ಹುಡುಗ. ಈ ಎರಡು ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳುವವರು ಯಾಕೋ ಕಡಿಮೆ.

ಅಶ್ವಥ್ ಹುಟ್ಟಿದ್ದು 1939ರ ಡಿಸೆಂಬರ್ 29ರಂದು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಿಜ್ಞಾನ ಓದಿದರು. ದೇವಗಿರಿ ಶಂಕರರಾವ್ ಜೋಶಿ ಅವರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತರು. ಹೊಟ್ಟೆಪಾಡಿಗೆ ಐಟಿಐ ಕಾರ್ಖಾನೆ ಸೇರಿ 27 ವರ್ಷ ದುಡಿದು 1992ರಲ್ಲಿ ನಿವೃತ್ತರಾದರು. ಈ ಇಸವಿಯನ್ನು ಸ್ವಲ್ಪ ಗಮನಿಸಬೇಕು. 'ಕಾಕನಕೋಟೆ', 'ಆಲೆಮನೆ', 'ಸಂತ ಶಿಶುನಾಳ ಶರೀಫ' ಈ ಚಿತ್ರಗಳ ಸಂಗೀತವೆಲ್ಲ ಹಗಲು ಕಾರ್ಖಾನೆಗೆ ಹೋಗಿಬರುತ್ತಿದ್ದ ಮನುಷ್ಯ ಮಾಡಿದ ಕೆಲಸ. ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳ ಕನ್ನಡ ಸಂಘಗಳು, ಸಂಜೆ ಆರರ ನಂತರದ ಹವ್ಯಾಸಿ ನಾಟಕ ತಂಡಗಳು ಕನ್ನಡಕ್ಕೆ ಕೊಟ್ಟ ಜನರ ಲೆಕ್ಕವನ್ನು ಯಾರಾದರೂ ಬರೆಯಬೇಕು. ಅಶ್ವಥ್ ಆ ಲೋಕದವರು. ಅವರ ಸಂಗೀತ ಮೊದಲು ಕೇಳಿದ್ದು ರಂಗದ ಮೇಲೆ, ಆಮೇಲೆ ಸಿನಿಮಾದಲ್ಲಿ. ಮಾಸ್ತಿಯವರ ನಾಟಕವನ್ನು ಸಿ.ಆರ್. ಸಿಂಹ 1977ರಲ್ಲಿ ಚಿತ್ರ ಮಾಡಿದಾಗ ಅದಕ್ಕೆ ಸಂಗೀತ ಕೊಟ್ಟು ಅವರು ಚಿತ್ರರಂಗಕ್ಕೆ ಬಂದರು.

ರಂಗಭೂಮಿಯ ಗುರುತು ಅವರ ಕಂಠದಲ್ಲಿ ಕೊನೆಯವರೆಗೂ ಇತ್ತು. ಅದು ಸಿನಿಮಾ ಕಂಠವಲ್ಲ. ಮೈಕಿನ ಹತ್ತಿರ ಪಿಸುಗುಟ್ಟುವ ಜಾಯಮಾನ ಅವರದಾಗಿರಲಿಲ್ಲ. ಕೊನೆಯ ಬೆಂಚಿನವನಿಗೂ ಮಾತು ಮುಟ್ಟಬೇಕು ಎಂಬ ಹಠ. ತಾರಕಕ್ಕೆ ಹೋದಾಗ ಗಂಟಲು ಸ್ವಲ್ಪ ಒಡೆಯುತ್ತದೆ, ಒಡೆದದ್ದನ್ನು ಅವರು ಮುಚ್ಚಿಕೊಳ್ಳುವುದಿಲ್ಲ. ಶಾಸ್ತ್ರೀಯದ ಕಿವಿಯವರಿಗೆ ಇದು ಒರಟು ಎನ್ನಿಸಿದ್ದುಂಟು. ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮದ ನೆರಳಿನಲ್ಲಿ ಕಿವಿ ಪಳಗಿಸಿಕೊಂಡ ನಮ್ಮ ಗದಗದ ಹಿರಿಯರೊಬ್ಬರು "ಚಲೋ ಹಾಡ್ತಾರ, ಆದ್ರ ಜಗಳಕ್ಕ ನಿಂತಂಗ ಹಾಡ್ತಾರ" ಎನ್ನುತ್ತಿದ್ದರು. ಮಾತು ಸುಳ್ಳಲ್ಲ. ಆದರೆ ಶರೀಫರ ಪದಗಳಿಗೆ ಬೇಕಾಗಿದ್ದುದು ಆ ಜಗಳಗಂಟ ದನಿಯೇ.

ಎಲ್. ವೈದ್ಯನಾಥನ್ ಅವರ ಜೊತೆ ಸೇರಿ 'ಅಶ್ವಥ್–ವೈದಿ' ಎಂಬ ಹೆಸರಿನಲ್ಲಿ 'ಏನೇ ಬರಲಿ ಪ್ರೀತಿ ಇರಲಿ', 'ನಾರದ ವಿಜಯ', 'ಅನುಪಮ', 'ಆಲೆಮನೆ' ಮೊದಲಾದ ಚಿತ್ರಗಳಿಗೆ ಅವರು ಕೆಲಸ ಮಾಡಿದರು. ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿಯ ಸಂಗೀತದಿಂದ ದೇಶಕ್ಕೆಲ್ಲ ಪರಿಚಿತರಾದ ವೈದಿ ಇವರೇ. ಈ ಜೋಡಿಯ ಹಾಡುಗಳು ಇಂಪಾಗಿವೆ, ಈಗಲೂ ರೇಡಿಯೋದಲ್ಲಿ ಬಂದರೆ ಕೈಯಲ್ಲಿನ ಕೆಲಸ ನಿಲ್ಲುತ್ತದೆ. ಆದರೂ ಅಶ್ವಥ್ ಎಂದರೆ ನೆನಪಾಗುವುದು ಈ ಚಿತ್ರಗಳಲ್ಲ. ಸಿನಿಮಾದಲ್ಲಿ ಸಾಮಾನ್ಯವಾಗಿ ಧಾಟಿ ಮೊದಲು, ಮಾತು ಆಮೇಲೆ. ಅಶ್ವಥ್ ಅವರ ಶಕ್ತಿ ಇದ್ದದ್ದು ಮೊದಲೇ ಬರೆದಿಟ್ಟ ಕವಿತೆಯನ್ನು ಎದುರಿಗಿಟ್ಟುಕೊಂಡು ಅದರ ಒಳಗಿನಿಂದ ಧಾಟಿ ಎತ್ತುವುದರಲ್ಲಿ.

ಪಿ. ಕಾಳಿಂಗರಾಯರು ದಾರಿ ಹಾಕಿದ್ದರು, ಮೈಸೂರು ಅನಂತಸ್ವಾಮಿ ಅದನ್ನು ಅಗಲ ಮಾಡಿದ್ದರು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳ 'ನಿತ್ಯೋತ್ಸವ' ಅನಂತಸ್ವಾಮಿಯವರ ಸಂಗೀತದಲ್ಲಿ ಕ್ಯಾಸೆಟ್ಟಾಗಿ ಬಂತು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದು ಅದನ್ನೇ ಹೇಳುತ್ತಾರೆ. ಕನ್ನಡದ ಮನೆಮನೆಯ ಟೇಪ್‌ರೆಕಾರ್ಡರಿನಲ್ಲಿ ಮೊದಲು ಕೂತ ಕವಿ ಒಬ್ಬ ಮುಸಲ್ಮಾನ ಎಂಬುದು ಆಗ ಯಾರಿಗೂ ವಿಶೇಷ ಅನ್ನಿಸಿರಲಿಲ್ಲ, ಅನ್ನಿಸದೆ ಇದ್ದದ್ದೇ ಒಳ್ಳೆಯದು. ಕ್ಯಾಸೆಟ್ಟು ಅಗ್ಗದ ವಸ್ತು, ಒಂದರಿಂದ ಹತ್ತಕ್ಕೆ ನಕಲಾಗುವ ವಸ್ತು. ಕವನ ಸಂಕಲನ ಒಂದು ಸಾವಿರ ಪ್ರತಿ ಖರ್ಚಾಗಲು ಹತ್ತು ವರ್ಷ ಹಿಡಿಯುವ ನಾಡಿನಲ್ಲಿ ಕವಿತೆ ಕಿರಾಣಿ ಅಂಗಡಿಯ ಗಲ್ಲೆಯವರೆಗೂ ಬಂತು.

ಅಶ್ವಥ್ ಕವಿತೆಯನ್ನು ನಾಟಕದ ಮಾತಿನಂತೆ ಓದಿಕೊಳ್ಳುತ್ತಾರೆ. ಇದನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳುತ್ತಿದ್ದಾರೆ ಎಂಬ ಪ್ರಶ್ನೆ ಅವರಿಗೆ ಮೊದಲು. ಆಮೇಲೆ ಕವಿತೆಯ ಭಾರವನ್ನೆಲ್ಲ ಹೊತ್ತುಕೊಂಡ ಒಂದು ಮಾತನ್ನು ಹುಡುಕಿ ಅದನ್ನು ಪ್ರತಿ ಸಲ ಬೇರೆ ಬೇರೆ ಎತ್ತರದಲ್ಲಿ ನಿಲ್ಲಿಸುತ್ತಾರೆ. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಪುಸ್ತಕವಾಗಿ ಬಂದದ್ದು 1942ರಲ್ಲಿ. ಸುಮಾರು ಐವತ್ತು ವರ್ಷದ ಮೇಲೆ ಅವೇ ಕವಿತೆಗಳ ಮೇಲೆ ಟಿ.ಎಸ್. ನಾಗಾಭರಣ ಚಿತ್ರ ಮಾಡಿ, ಅಶ್ವಥ್ ಸಂಗೀತ ಕೊಟ್ಟು, ಕವಿಗೆ ಗೀತರಚನೆಯ ರಾಷ್ಟ್ರ ಪ್ರಶಸ್ತಿ ಬಂತು. ಉರ್ದುವಿನಲ್ಲಿ ಫೈಜ್ ಅಹ್ಮದ್ ಫೈಜ್ ಬಗ್ಗೆ ಒಂದು ಮಾತು ಚಾಲ್ತಿಯಲ್ಲಿದೆ. ತಮ್ಮ ಒಂದು ಕವಿತೆಯನ್ನು ನೂರ್‌ಜಹಾನ್ ಹಾಡಿದ ಮೇಲೆ ಅದು ಇನ್ನು ನನ್ನದಲ್ಲ, ಆಕೆಯದು ಎಂದುಬಿಟ್ಟರಂತೆ. ಬದುಕಿರುವ ಕವಿ ಹಾಗೆ ದಾನ ಕೊಡಬಲ್ಲ. ನೂರು ವರ್ಷದ ಹಿಂದೆ ಗೋರಿ ಸೇರಿದ ಕವಿಯ ಪರವಾಗಿ ದಾನ ಕೊಡುವವರು ಯಾರು?

ಶರೀಫರನ್ನು ಅಶ್ವಥ್ ಅವರ ಕೈಗೆ ತಂದುಕೊಟ್ಟವರು ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು. ಪದಗಳನ್ನು ಆರಿಸಿ, ಅರ್ಥ ಬಿಡಿಸಿ, ಹಾಡಿಸಿದ ಅವರನ್ನು ಜನ 'ಶರೀಫ ಭಟ್ಟ' ಎಂದೇ ಕರೆದರು. ಗೋವಿಂದ ಭಟ್ಟರ ಶಿಷ್ಯನಿಗೆ ಇನ್ನೊಬ್ಬ ಭಟ್ಟರು ಸಿಕ್ಕಿದರು. ಹಾಡಲು ಅಶ್ವಥ್ ಜೊತೆಗೆ ಶಿವಮೊಗ್ಗ ಸುಬ್ಬಣ್ಣ ಇದ್ದರು. 'ಕಾಡು ಕುದುರೆ' ಚಿತ್ರದ ಹಾಡಿಗೆ ರಾಷ್ಟ್ರ ಪ್ರಶಸ್ತಿ ಪಡೆದ ವಕೀಲರು ಅವರು. ಅಶ್ವಥ್ ಅವರದು ಜಗಳದ ದನಿಯಾದರೆ ಸುಬ್ಬಣ್ಣನವರದು ತುಂಬಿದ ಕೊಡದ ದನಿ. ಅಳುವ ತಂಗಿಗೆ ಸಮಾಧಾನ ಹೇಳುವ ಪದವನ್ನು ಸುಬ್ಬಣ್ಣ ಹಾಡಿದ್ದು ಕೇಳಿ ನಮ್ಮ ಓಣಿಯ ಹೆಣ್ಣುಮಕ್ಕಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದನ್ನು ನಾನು ನೋಡಿದ್ದೇನೆ. ಅದು ಗಂಡನ ಮನೆಗೆ ಹೋಗುವ ಮಗಳ ಹಾಡೂ ಹೌದು, ದೇಹ ಬಿಟ್ಟು ಹೋಗುವ ಜೀವದ ಹಾಡೂ ಹೌದು. ಅವರಿಗೆ ಮೊದಲನೆಯ ಅರ್ಥವೇ ಸಾಕಾಗಿತ್ತು.

ಕ್ಯಾಸೆಟ್ಟು ಬರುವ ಮೊದಲು ನಮ್ಮ ಕಡೆ ಶರೀಫರು ಇರಲಿಲ್ಲವೇ? ಇದ್ದರು, ಬೇರೆ ರೀತಿಯಲ್ಲಿ. ಅಮಾವಾಸ್ಯೆಯ ರಾತ್ರಿ ಮಠದ ಕಟ್ಟೆಯ ಮೇಲೆ ಭಜನಾ ಮೇಳ ಕೂಡುತ್ತಿತ್ತು. ಏಕತಾರಿ, ದಮ್ಮಡಿ, ತಾಳ, ಇದ್ದರೆ ಒಂದು ಹಾರ್ಮೋನಿಯಂ. ಮುಂದಿನವ ಒಂದು ನುಡಿ ಎತ್ತಿಕೊಟ್ಟರೆ ಹಿಂದಿನವರು ಹೊರಳಿಸುತ್ತಿದ್ದರು. ನಡುವೆ ವಾದ್ಯದ ತುಣುಕು ಎಂಬುದಿಲ್ಲ. ಉಸಿರು ಬಿಡುವಷ್ಟೇ ಬಿಡುವು. ಕೋಡಗ ಕೋಳಿಯ ಪದವನ್ನು ನಾನು ಮೊದಲು ಕೇಳಿದ್ದು ಅಲ್ಲಿ, ಬಹಳ ನಿಧಾನದ ಲಯದಲ್ಲಿ. ಒಂದು ನುಡಿ ಹಾಡಿ ನಿಲ್ಲಿಸಿ "ಏನಪಾ, ಕೋಳಿ ಅಂದ್ರೇನು, ಕೋಡಗ ಅಂದ್ರೇನು, ಹೇಳ್ರಿ ನೋಡೋಣು" ಎಂದು ಎದುರಿನ ಮೇಳಕ್ಕೆ ಸವಾಲು ಹಾಕುತ್ತಿದ್ದರು. ಅವರು ಜವಾಬು ಹೇಳಬೇಕು, ಇವರು ಅದನ್ನು ಮುರಿಯಬೇಕು. ಬೆಳಗಿನ ಜಾವದ ತನಕ ಒಂದು ಪದ ಮುಗಿಯುತ್ತಿರಲಿಲ್ಲ. ಪದ ಎಂಬುದು ಅಲ್ಲಿ ಒಡಪು. ಹಾಡುವುದು ಅರ್ಧ ಕೆಲಸ, ಬಿಡಿಸುವುದು ಉಳಿದರ್ಧ.

ಅಶ್ವಥ್ ಅದನ್ನು ನಾಲ್ಕೈದು ನಿಮಿಷದ ಚುರುಕಿನ ಹಾಡು ಮಾಡಿದರು. ಲಯ ಕುಣಿಯುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಒಂದರ ಹಿಂದೆ ಒಂದು ವಿಚಿತ್ರ ಚಿತ್ರ ಬಂದು ಹೋಗುತ್ತದೆ, ಯಾವುದರ ಮುಂದೆಯೂ ನಿಲ್ಲಲು ಪುರಸೊತ್ತಿಲ್ಲ. ಒಡಪು ಹೋಗಿ ಮೋಜು ಉಳಿಯಿತು. ಶರೀಫರ ಪದಗಳಲ್ಲಿ ಅಶ್ವಥ್ ಅವರಿಗೆ ಅತ್ಯಂತ ಹೆಚ್ಚು ಹೆಸರು ತಂದ ಈ ಹಾಡೇ ಅವರ ಶರೀಫ ಗೀತೆಗಳಲ್ಲಿ ಅತ್ಯಂತ ದುರ್ಬಲ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಬಹಳ ಜನ ಇದ್ದಾರೆ ಎಂದು ಗೊತ್ತು.

ಸೋರುವ ಮನೆಯ ಪದಕ್ಕೆ ಬಂದರೆ ಲೆಕ್ಕ ತಿರುಗುಮುರುಗಾಗುತ್ತದೆ. ನಮ್ಮ ಮೇಳಗಳಲ್ಲಿ ಅದನ್ನು ಉಳಿದ ಹತ್ತು ಪದಗಳ ಹಾಗೆ, ದೇಹವೆಂಬ ಮನೆಯ ವೇದಾಂತವಾಗಿ ಹಾಡಿ ಮುಗಿಸುತ್ತಿದ್ದರು. ಅಶ್ವಥ್ ಅಲ್ಲಿ ಒಬ್ಬ ಮನುಷ್ಯನನ್ನು ಕಂಡರು. ಮಳೆಗಾಲದ ಕತ್ತಲಲ್ಲಿ ಮಣ್ಣಿನ ಮಾಳಿಗೆಯ ಕೆಳಗೆ ಒದ್ದೆಯಾಗುತ್ತ ಕೂತವನು. ದುರಸ್ತಿಗೆ ಶಕ್ತಿ ಸಾಲದವನು. ಅವರ ದನಿ ಮೇಲೆ ಹೋಗಿ ಒಡೆಯುವಾಗ ಅದು ಗಾಯಕನ ಮಿತಿಯಾಗಿ ಕೇಳುವುದಿಲ್ಲ, ಆ ಮನುಷ್ಯನ ಮಿತಿಯಾಗಿ ಕೇಳುತ್ತದೆ. ಮಣ್ಣಿನ ಮಾಳಿಗೆಯ ಮನೆಯಲ್ಲಿ ಆಷಾಢ ಕಳೆದವರಿಗೆ ವೇದಾಂತದ ಗೊಡವೆ ಇಲ್ಲದೆಯೂ ಅದು ತಾಗುತ್ತದೆ. ಇನ್ನೊಂದು ಮಾತು: ಬೆಂಗಳೂರಿನ ಗಾಯಕರಾಗಿಯೂ ಅವರು 'ಮನಿ', 'ಮಾಳಿಗಿ' ಎಂಬ ನಮ್ಮ ಕಡೆಯ ಉಚ್ಚಾರವನ್ನು ತಿದ್ದಲು ಹೋಗಲಿಲ್ಲ. ಉತ್ತರ ಕರ್ನಾಟಕದ ಕನ್ನಡ ಎಂದರೆ ಸಿನಿಮಾದಲ್ಲಿ ನಗಿಸುವ ಪಾತ್ರಕ್ಕೆ ಮೀಸಲು ಎಂಬಂತಿದ್ದ ಕಾಲದಲ್ಲಿ ಆ ಭಾಷೆಯಲ್ಲಿ ಅಳಬಹುದು, ಚಿಂತಿಸಬಹುದು ಎಂಬುದನ್ನು ಹಳೆ ಮೈಸೂರಿನ ಕಿವಿಗಳಿಗೆ ತೋರಿಸಿಕೊಟ್ಟವರಲ್ಲಿ ಅಶ್ವಥ್ ಮುಖ್ಯರು. ಮುಂದೆ 1997ರ 'ನಾಗಮಂಡಲ'ದಲ್ಲಿ ಗೋಪಾಲ ವಾಜಪೇಯಿಯವರು ಧಾರವಾಡ ಸೀಮೆಯ ಮಾತಿನಲ್ಲೇ ಹಾಡು ಬರೆದುಕೊಟ್ಟಾಗ ಅಶ್ವಥ್ ಅದನ್ನು ಸ್ವಂತ ಮನೆಯ ಭಾಷೆಯಂತೆ ಬಳಸಿದರು. ಶರೀಫರ ಬಳಿ ಕಲಿತ ಪಾಠ ಅಲ್ಲಿ ಕೆಲಸಕ್ಕೆ ಬಂದಿದೆ.

1990ರ 'ಸಂತ ಶಿಶುನಾಳ ಶರೀಫ' ಚಿತ್ರವನ್ನು ನಾಗಾಭರಣ ನಿರ್ದೇಶಿಸಿದರು. ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾದರು. ರಾಷ್ಟ್ರೀಯ ಭಾವೈಕ್ಯದ ಉತ್ತಮ ಚಿತ್ರಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಬಂತು. ಚಿತ್ರ ಬಂದ ಕಾಲವನ್ನು ನೆನೆದರೆ ಆ ಪ್ರಶಸ್ತಿಗೂ ಆ ಚಿತ್ರಕ್ಕೂ ಎಷ್ಟು ಬೆಲೆಯಿತ್ತು ಎಂದು ತಿಳಿಯುತ್ತದೆ. ಆ ವರ್ಷಗಳಲ್ಲಿ ದೇಶ ಯಾವ ಕಡೆ ಹೊರಟಿತ್ತು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಟೇಪ್‌ರೆಕಾರ್ಡರ್ ಎಂದರೆ ಕವ್ವಾಲಿ, ನಾತ್, ಗಜಲ್. ಕನ್ನಡ ಹಾಡೆಂದರೆ ರಾಜಕುಮಾರ್. ಅಲ್ಲಿಗೆ ಶರೀಫರ ಕ್ಯಾಸೆಟ್ಟು ಬಂದಾಗ ನನ್ನ ತಾಯಿ "ಅಪನೆ ಶರೀಫ್ ಸಾಬ್" ಎಂದು ದಖನಿಯಲ್ಲಿ ಹೇಳಿ, ಕನ್ನಡದ ಪದವನ್ನು ಅಶ್ವಥ್ ಅವರ ಧಾಟಿಯಲ್ಲಿ ಗುನುಗುತ್ತಿದ್ದರು. ಕನ್ನಡ ಓದಲು ಬಾರದ ಹೆಂಗಸಿಗೆ ಕನ್ನಡ ಕಾವ್ಯದಲ್ಲಿ ಒಂದು ಪಾಲು ಇದೆ ಎಂದು ತಿಳಿದದ್ದು ಹಾಗೆ. ಈ ಋಣವನ್ನು ಮರೆತು ಅಶ್ವಥ್ ಅವರ ಬಗ್ಗೆ ಬರೆಯಲು ನನಗೆ ಆಗುವುದಿಲ್ಲ.

ಆದರೆ ಆ ಕ್ಯಾಸೆಟ್ಟಿನಿಂದ ಮನೆಮಾತಾದ ಶರೀಫರು ಪೂರ್ತಿ ಶರೀಫರಲ್ಲ. ಶರೀಫರು ತತ್ವಪದ ಮಾತ್ರ ಕಟ್ಟಿದವರಲ್ಲ. ಗಿರಣಿ ಕಂಡರೆ ಗಿರಣಿಯ ಮೇಲೆ ಕಟ್ಟಿದರು. ಮತ್ತೆ, ಮೊಹರಂ ಮೇಳಗಳಿಗೆ ರಿವಾಯತ್ ಪದಗಳನ್ನು ಕಟ್ಟಿಕೊಟ್ಟರು. ಅವರ ಪದಗಳ ಸಂಗ್ರಹಗಳಲ್ಲಿ ಇವು ಅಚ್ಚಾಗಿವೆ; ಬೇಕಾದವರು ಓದಬಹುದು. ರಿವಾಯತ್ ಎಂಬ ಅರಬ್ಬಿ ಮಾತಿಗೆ ಒಬ್ಬರಿಂದ ಒಬ್ಬರಿಗೆ ಬಂದ ಕಥನ ಎಂದರ್ಥ. ಅಲಾವಿ ಕುಣಿಯ ಸುತ್ತ ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಕರವಸ್ತ್ರ ಹಿಡಿದು, ಹೆಜ್ಜೆ ಹಾಕುತ್ತ ಹಾಡುವ ಈ ಪದಗಳಲ್ಲಿ ಕರ್ಬಲಾದ ಕಥೆ ಬರುತ್ತದೆ. ಹಸನ್, ಹುಸೇನ್, ನೀರು ಸಿಗದ ಮಕ್ಕಳು, ಮದುವೆಯ ದಿನವೇ ಕಾಳಗಕ್ಕೆ ಹೋದ ಕಾಸಿಮ್. ಉರ್ದು ಮರ್ಸಿಯಾ ಓದಿದವನಿಗೆ ಈ ಹೆಸರುಗಳೆಲ್ಲ ಪರಿಚಿತ. ಆದರೆ ಲಖನೌದ ಮರ್ಸಿಯಾದಲ್ಲಿ ತಾಯಿ ಅಳುವುದು ನವಾಬರ ಮನೆಯ ಬೇಗಂ ಅತ್ತಂತೆ. ನಮ್ಮ ರಿವಾಯತ್ ಪದದಲ್ಲಿ ಅಳುವುದು ಒಕ್ಕಲಿಗರ ಮನೆಯ ಹೆಣ್ಣುಮಗಳು. ಅರಬಸ್ಥಾನದ ಮರುಭೂಮಿ ನಮ್ಮ ಎರೆಹೊಲವಾಗಿರುತ್ತದೆ. ಹಾಡುವವರಲ್ಲಿ ಸಾಬರಿಗಿಂತ ಲಿಂಗಾಯತರು, ಕುರುಬರು, ಬೇಡರು, ದಲಿತರೇ ಹೆಚ್ಚು. ಮುಸಲ್ಮಾನರ ಒಂದು ಮನೆಯೂ ಇಲ್ಲದ ಊರುಗಳಲ್ಲಿ ಕೂಡ ಪಂಜಾ ಕೂರಿಸಿ ಹಾಡುತ್ತಾರೆ. ರಹಮತ್ ತರೀಕೆರೆಯವರು ಊರೂರು ತಿರುಗಿ ಇದನ್ನೆಲ್ಲ ಬರೆದಿದ್ದಾರೆ.

ಅಶ್ವಥ್ ಅವರ ದನಿಯಿಂದ ನಾಡಿನ ಬಾಯಿಗೆ ಬಂದ ಹತ್ತು ಹನ್ನೆರಡು ಪದಗಳಲ್ಲಿ ಈ ಜಾತಿಯದು ಒಂದೂ ಇಲ್ಲ. ಇದರಲ್ಲಿ ಸಂಚು ಹುಡುಕುವುದು ದಡ್ಡತನ. ಕಾರಣಗಳು ಸರಳವಾಗಿವೆ. ಒಂದು ಗಂಟೆಯ ಕ್ಯಾಸೆಟ್ಟಿನಲ್ಲಿ ಎಂಟು ಹತ್ತು ಹಾಡು ಹಿಡಿಯಬೇಕು. ರಿವಾಯತ್ತಿಗೆ ರಾತ್ರಿಯೇ ಬ್ಯಾಸರ. ಭಾವಗೀತೆ ಒಬ್ಬ ಮನುಷ್ಯನ ಗಂಟಲಿನದು. ರಿವಾಯತ್ ಹತ್ತು ಜನರ ಕಾಲಿನದು, ಎದುರು ಮೇಳ ಇಲ್ಲದೆ ಅದು ನಿಲ್ಲುವುದೇ ಇಲ್ಲ. ಕ್ಯಾಸೆಟ್ಟು ಕೊಳ್ಳುವ ಬೆಂಗಳೂರು, ಮೈಸೂರಿನ ಮಧ್ಯಮ ವರ್ಗಕ್ಕೆ ಕಾಸಿಮ್ ಯಾರೆಂದು ಗೊತ್ತಿರಲಿಲ್ಲ. ಪದ ಆರಿಸಿದವರು ಸಾಹಿತ್ಯದ ಮೇಷ್ಟರು. ಅವರ ಕಣ್ಣಿಗೆ ರೂಪಕ ಬಿದ್ದಿತು, ಅನುಭಾವ ಬಿದ್ದಿತು. ಚಿತ್ರದಲ್ಲೂ ಇದೇ ಓದು ಮುಂದುವರಿಯಿತು. ಅದನ್ನು ನೋಡಿ ಹೊರಬಂದವನ ನೆನಪಿನಲ್ಲಿ ಕಳಸದ ಭಟ್ಟರು ಕೂತಷ್ಟು ಗಟ್ಟಿಯಾಗಿ ಹುಲಗೂರಿನ ಶಾವಲಿ ಕೂರುವುದಿಲ್ಲ.

ನಮ್ಮ ಕಡೆಯದನ್ನೂ ಹೇಳಬೇಕು. ಇದೇ ವರ್ಷಗಳಲ್ಲಿ ನಮ್ಮ ಸಮುದಾಯದ ಓದಿದವರು, ತಿಳಿದವರು ಎನ್ನಿಸಿಕೊಂಡವರು ಪಂಜಾ ದೀನಿನಲ್ಲಿಲ್ಲ, ಗೆಜ್ಜೆ ಕಟ್ಟುವುದು ಹರಾಮು ಎಂದು ಊರೂರಲ್ಲಿ ಹೇಳತೊಡಗಿದ್ದರು. ಎಷ್ಟೋ ಊರುಗಳಲ್ಲಿ ಸಾಬರ ಹುಡುಗರು ಮೇಳ ಬಿಟ್ಟರು. ಧಾರ್ಮಿಕ ವಾದದ ಸರಿತಪ್ಪು ಈ ಲೇಖನದ ವಿಷಯವಲ್ಲ. ಆದರೆ ಮುಸಲ್ಮಾನರೇ ಕೈಬಿಟ್ಟ ಶರೀಫರ ಪದಗಳನ್ನು ಬಸವನಗುಡಿಯ ಅಶ್ವಥ್ ಯಾಕೆ ಎತ್ತಿಕೊಳ್ಳಲಿಲ್ಲ ಎಂದು ಕೇಳುವ ಬಾಯಿ ನಮಗೆಷ್ಟಿದೆ? ಅವರು ಮಂದಿರಕ್ಕೆ ಒಯ್ದರು ಎಂದು ದೂರುವವರು ಇದ್ದಾರೆ. ಅಂಗಳದಲ್ಲಿ ಬಿಟ್ಟವರು ಯಾರು ಎಂದು ಅವರು ಹೇಳುವುದಿಲ್ಲ.

ಹಾಗಿದ್ದರೂ ಆಯ್ಕೆಗೆ ಪರಿಣಾಮ ಇದ್ದೇ ಇರುತ್ತದೆ. ಈಗ ಯಾವುದೇ ಊರಿನಲ್ಲಿ ಸ್ವಲ್ಪ ಗದ್ದಲವಾಗಿ ಸೌಹಾರ್ದ ಸಭೆ ಕರೆದರೆ ಮೊದಲು ಶರೀಫರ ಹಾಡು. ವೇದಿಕೆಯ ಮೇಲೆ ಒಬ್ಬ ಸ್ವಾಮಿಗಳು, ಒಬ್ಬ ಫಾದರ್, ಒಬ್ಬ ಸಾಬರು. ಕಥೆ ಬರೆಯುವವನೆಂದು ಆ ಮೂರನೆಯ ಕುರ್ಚಿಯಲ್ಲಿ ನಾನೂ ಕೂತಿದ್ದೇನೆ. ಹಾಡು ಅಶ್ವಥ್ ಅವರ ಧಾಟಿಯಲ್ಲಿ ಬರುತ್ತದೆ, ಸಭೆ ತಲೆದೂಗುತ್ತದೆ, ನಾನೂ ತಲೆದೂಗುತ್ತೇನೆ. ಅಲ್ಲಿ ಎಲ್ಲರಿಗೂ ಒಪ್ಪಿತವಾದ ಮುಸಲ್ಮಾನ ಯಾರು? ಜನಿವಾರ ಹಾಕಿಸಿಕೊಂಡ ಕಥೆಯ ಶರೀಫ. ಆತ ಪೂಜ್ಯ. ಅದೇ ಶರೀಫ ಹುಸೇನರಿಗಾಗಿ ಅತ್ತದ್ದು, ಆ ಅಳುವನ್ನು ಕುರುಬರ ಹುಡುಗ ಗೆಜ್ಜೆ ಕಟ್ಟಿ ಹಾಡುವುದು ಆ ಸಭೆಗೆ ಗೊತ್ತಿಲ್ಲ. ಗೊತ್ತಿದ್ದರೆ ಸಭೆಯ ಗತ್ತು ಬದಲಾಗುತ್ತಿತ್ತು. ಯಾರು ಯಾರ ಮನೆಗೆ ಬಂದರು ಎಂಬ ಲೆಕ್ಕ ಒಂದೇ ದಿಕ್ಕಿನದಾಗಿ ಉಳಿಯುತ್ತಿರಲಿಲ್ಲ. ಸಂಯೋಜಕನು ಧಾಟಿ ಹಾಕುವ ಮೊದಲೇ ಒಂದು ವಿಮರ್ಶೆ ಬರೆದಿರುತ್ತಾನೆ. ಯಾವ ಪದ ಹಾಡಬೇಕು, ಯಾವುದು ಬೇಡ ಎಂಬುದೇ ಆ ವಿಮರ್ಶೆ. ಅಶ್ವಥ್ ಬರೆದ ಆ ವಿಮರ್ಶೆಯನ್ನು ನಾವು ನಲವತ್ತು ವರ್ಷ ಪ್ರಶ್ನಿಸದೆ ಕೇಳಿದ್ದೇವೆ.

ಉಳಿದ ಕೆಲಸವನ್ನು ಬೇಗ ಹೇಳಿಬಿಡಬಹುದು. 1993ರ 'ಚಿನ್ನಾರಿ ಮುತ್ತ'ದಲ್ಲಿ ಎಚ್.ಎಸ್. ವೆಂಕಟೇಶಮೂರ್ತಿಯವರ ಹಾಡುಗಳಿಗೆ ಕೊಟ್ಟ ಸಂಗೀತ ಮಕ್ಕಳ ಬಾಯಲ್ಲಿ ಇನ್ನೂ ಇದೆ. ಕಿರುತೆರೆಗೆ ಬಂದರೆ, 'ಮಾಯಾಮೃಗ' ಧಾರಾವಾಹಿಯ ಶೀರ್ಷಿಕೆ ಗೀತೆ. ಒಂದೂವರೆ ನಿಮಿಷದ ಹಾಡು ಪ್ರತಿ ಸಂಜೆ ಮನೆಯವರನ್ನು ದೂರದರ್ಶನದ ಮುಂದೆ ಕರೆದು ಕೂರಿಸುತ್ತಿತ್ತು. ಧಾರಾವಾಹಿಗೂ ಭಾವಗೀತೆಯ ಘನತೆ ಇರಬಹುದೆಂದು ಅವರು ತೋರಿಸಿದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಎಂದು ದೊಡ್ಡ ಸಂಗೀತ ಸಭೆ ಮಾಡಿದರು. ಬರಿಯ ಕವಿತೆಗಾಗಿ ಅಷ್ಟು ಜನ ಸೇರಿದ್ದು ಕನ್ನಡದಲ್ಲಿ ಹೊಸದು. ಅಲ್ಲಿ ಸಂಗೀತಕ್ಕಿಂತ ಗಾತ್ರ ದೊಡ್ಡದಾಗಿತ್ತು ಎಂಬ ಟೀಕೆಯಲ್ಲೂ ಹುರುಳಿದೆ. 2009ರ ಡಿಸೆಂಬರ್ 29ರಂದು, ಹುಟ್ಟಿದ ದಿನವೇ, ಎಪ್ಪತ್ತು ತುಂಬಿದಾಗ ತೀರಿಕೊಂಡರು. ಶರೀಫರು ಹುಟ್ಟಿದ್ದು 1819ರ ಜುಲೈ 3, ಹೋದದ್ದು 1889ರ ಜುಲೈ 3 ಎಂದು ಹೇಳುತ್ತಾರೆ. ಅವರಿಗೂ ಎಪ್ಪತ್ತು. ಇದಕ್ಕೆ ಅರ್ಥ ಹಚ್ಚುವುದು ಬೇಡ. ಆದರೆ ನಮ್ಮ ಊರಿನ ಭಜನೆಯವರು ಹಚ್ಚದೆ ಬಿಟ್ಟಿಲ್ಲ.

ನಾಡಗೀತೆಯ ಜಗಳವನ್ನು ಹೇಳದೆ ಮುಂದೆ ಹೋಗಲಾಗದು. ಕುವೆಂಪು ಅವರ ಕವಿತೆಯನ್ನು 2004ರಲ್ಲಿ ಸರ್ಕಾರ ನಾಡಗೀತೆ ಎಂದು ಘೋಷಿಸಿತು. ಅನಂತಸ್ವಾಮಿಯವರ ಧಾಟಿಯೋ ಅಶ್ವಥ್ ಅವರ ಧಾಟಿಯೋ ಎಂದು ವರ್ಷಗಟ್ಟಲೆ ವಾದ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು, ಎರಡೂವರೆ ನಿಮಿಷದ ಅವಧಿಯನ್ನು ಗೊತ್ತುಮಾಡಿ ಆದೇಶ ಹೊರಡಿಸಿತು. ಅದರ ಮೇಲೆ ನ್ಯಾಯಾಲಯಕ್ಕೂ ಹೋದರು, ಆದೇಶ ಉಳಿಯಿತು. ಇಲ್ಲಿ ಒಂದು ವಿಚಿತ್ರವಿದೆ. ಕುವೆಂಪು ಕವಿತೆಗೆ ಒಂದೇ ಧಾಟಿ ಇರಲಿ ಎಂದು ಮಾಡಲು ಸರ್ಕಾರದ ಆದೇಶ ಬೇಕಾಯಿತು, ಅದರಲ್ಲಿ ಅಶ್ವಥ್ ಸೋತರು. ಶರೀಫರ ಪದಗಳಿಗೆ ಯಾವ ಸರ್ಕಾರವೂ ಆದೇಶ ಹೊರಡಿಸಲಿಲ್ಲ. ಅಲ್ಲಿ ಅವರ ಧಾಟಿಯೇ ಕಾನೂನಾಯಿತು.

ಆ ಕಾನೂನನ್ನು ಮೀರಿದವರೂ ಇದ್ದಾರೆ. ರಘು ದೀಕ್ಷಿತ್ ಲುಂಗಿ ಉಟ್ಟು, ಗೆಜ್ಜೆ ಕಟ್ಟಿ, ಗಿಟಾರ್ ಹಿಡಿದು ಶರೀಫರ ಪದಗಳನ್ನು ಬೇರೆಯದೇ ಧಾಟಿಯಲ್ಲಿ ಹಾಡಿದರು. ಅದು ಕೆಲವರಿಗೆ ಹಿಡಿಸಲಿಲ್ಲ. ಹಿಡಿಸದವರು "ಮೂಲ ಧಾಟಿ ಕೆಡಿಸಿದ" ಎಂದದ್ದು ನನಗೆ ನಗು ತರಿಸಿತು. ಅವರು ಮೂಲ ಎಂದು ತಿಳಿದದ್ದು ಅಶ್ವಥ್ ಅವರ ಕ್ಯಾಸೆಟ್ಟನ್ನು. ಟಿವಿಯ ಹಾಡಿನ ಸ್ಪರ್ಧೆಗಳಲ್ಲಿ ಮಕ್ಕಳು ಶರೀಫರನ್ನು ಹಾಡಿದಾಗ ತೀರ್ಪುಗಾರರು ಹೋಲಿಸುವುದೂ ಅದೇ ಕ್ಯಾಸೆಟ್ಟಿನ ಜೊತೆಗೆ. ಮಠದ ಕಟ್ಟೆಯ ಮೇಲಿನ ಮೇಳವೂ ಈಗ ಹಾಗೇ ಹಾಡುತ್ತದೆ. ಸವಾಲು ಹಾಕುವವರು ಒಬ್ಬಿಬ್ಬರು ಉಳಿದಿದ್ದಾರೆ. ಜವಾಬು ಹೇಳುವವರು ಸಿಗುತ್ತಿಲ್ಲ.

ಕೆಲವು ವರ್ಷಗಳ ಹಿಂದೆ ಹೊಂಬಳದ ಹತ್ತಿರದ ಒಂದು ಊರಿನಲ್ಲಿ ಮೊಹರಂ ಕತಲ್ ರಾತ್ರಿ. ಎರಡು ಮೇಳ ಎದುರುಬದುರು ನಿಂತಿದ್ದವು. ಹುಡುಗರ ಮೇಳದವರು ಕಾಸಿಮನ ಮದುವೆಯ ರಿವಾಯತ್ ಎತ್ತಿಕೊಂಡರು. ಎರಡು ನುಡಿ ಕಳೆಯುವುದರೊಳಗೆ ಧಾಟಿ ಎಲ್ಲೋ ಕೇಳಿದ್ದು ಅನ್ನಿಸಿತು. ಸೋರುವ ಮನೆಯ ಪದಕ್ಕೆ ಅಶ್ವಥ್ ಹಾಕಿದ ಧಾಟಿ. ಅದನ್ನು ಸ್ವಲ್ಪ ಜಗ್ಗಿ, ಗೆಜ್ಜೆಯ ಲೆಕ್ಕಕ್ಕೆ ಕೂರಿಸಿ ಹಾಡುತ್ತಿದ್ದರು. ಎದುರಿನ ಮೇಳದ ಮುದುಕ ಕೈ ಎತ್ತಿ ನಿಲ್ಲಿಸಿ, "ಇದ ಯಾರ ಧಾಟಿಪಾ, ತಮ್ಮಾ?" ಎಂದು ಕೇಳಿದ.

"ಶರೀಫ್ ಸಾಹೇಬರದ, ಯಜ್ಜಾ" ಎಂದ ಹುಡುಗ.

ಮುದುಕ ಅನುಮಾನದಿಂದ ತಲೆ ಆಡಿಸಿ, ಮುಂದಿನ ನುಡಿ ಎತ್ತಲು ಕೈ ಬಿಟ್ಟ.